ಹದಿನೆಂಟು ಕಿಲೋ ಮುದ್ದೆ

ನಷ್ಟವಾದ ವರ್ಷದಲ್ಲಿ ಕಾರ್ಖಾನೆಯ ವಾರ್ಷಿಕ ವರದಿ ಬರೆಯುವುದು ಬಹಳ ಸುಲಭ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಳೆ ಬರಲಿಲ್ಲ, ಇಲ್ಲವೇ ಬರಬಾರದ ಹೊತ್ತಿನಲ್ಲಿ ಬಂತು. ಉಕ್ಕಿನ ಬೆಲೆ ಏರಿತು. ಯಾವುದೋ ದೂರದ ಸಮುದ್ರದಲ್ಲಿ ಹಡಗು ನಿಂತುಬಿಟ್ಟಿತು. ತಪ್ಪು ಹೊರಿಸಲು ಇಡೀ ಪ್ರಪಂಚವೇ ಇರುವಾಗ ಬರೆಯುವವನಿಗೆ ಏನು ಕಷ್ಟ? ತೊಂದರೆಯೆಲ್ಲ ಲಾಭ ಬಂದ ವರ್ಷದ್ದು. ಲಾಭ ಏಕೆ ಬಂತೆಂದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಆದರೆ ತನ್ನಿಂದಲೇ ಬಂತೆಂದು ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ. ಮಾರಾಟ ವಿಭಾಗದವರು ತಮ್ಮ ಓಡಾಟ ಎನ್ನುತ್ತಾರೆ, ಖರೀದಿಯವರು ತಮ್ಮ ಚೌಕಾಸಿ ಎನ್ನುತ್ತಾರೆ, ಗೇಟಿನ ಸೆಕ್ಯುರಿಟಿಯವರೂ ‘ಈ ವರ್ಷ ಒಂದ್ ಬೋಲ್ಟೂ ಆಚೆಗೆ ಹೋಗಿಲ್ಲ ಸಾ, ಅದನ್ನೂ ಒಂದ್ ಲೈನ್ ಹಾಕಿ’ ಎನ್ನುತ್ತಾರೆ. ಎಲ್ಲರಿಗೂ ಒಂದೊಂದು ಸಾಲು ಕೊಟ್ಟು, ಒಬ್ಬರ ಸಾಲು ಇನ್ನೊಬ್ಬರದಕ್ಕಿಂತ ಉದ್ದವಾಗದಂತೆ ನೋಡಿಕೊಳ್ಳುವ ಹೊತ್ತಿಗೆ ನನಗೆ ರಕ್ತದೊತ್ತಡದ ಮಾತ್ರೆ ಒಂದು ಹೆಚ್ಚಾಗಿರುತ್ತದೆ.

ನಮ್ಮದು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ಇರುವ ಪಂಪು ಮತ್ತು ವಾಲ್ವು ತಯಾರಿಸುವ ಕಾರ್ಖಾನೆ. ದೊಡ್ಡದೇನಲ್ಲ, ತೀರ ಸಣ್ಣದೂ ಅಲ್ಲ. ನಾನು ಅಲ್ಲಿ ಆಡಳಿತ ವಿಭಾಗದಲ್ಲಿ ಉಪ ವ್ಯವಸ್ಥಾಪಕ. ವರದಿ ಬರೆಯುವುದು ನನ್ನ ಕೆಲಸವೇ ಅಲ್ಲ. ಬಹಳ ವರ್ಷದ ಹಿಂದೆ ರಾಜ್ಯೋತ್ಸವದ ದಿನ ವಂದನಾರ್ಪಣೆ ಮಾಡಬೇಕಾದವರಿಗೆ ಗಂಟಲು ಕಟ್ಟಿ, ನಾನು ಮೈಕಿನ ಮುಂದೆ ನಿಂತು ಪೆಂಡಾಲಿನವರಿಂದ ಹಿಡಿದು ಎಲ್ಲರನ್ನೂ ಹೆಸರು ಹಿಡಿದು ವಂದಿಸಿದೆ. ಯಜಮಾನರು ಅದನ್ನು ಕೇಳಿ, ‘ಇವರು ಚೆನ್ನಾಗಿ ಬರೀತಾರೆ ಅನ್ಸುತ್ತೆ’ ಎಂದರು. ಮಾತನಾಡಿದವನು ಬರೆಯುತ್ತಾನೆ ಎಂದು ಅವರಿಗೇಕೆ ಅನ್ನಿಸಿತೋ ಕೇಳುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ಪ್ರತಿ ವರ್ಷ ಇಂಗ್ಲಿಷಿನಲ್ಲೊಂದು ವರದಿ, ಆಮೇಲೆ ಕಾರ್ಮಿಕರೂ ಓದಲಿ ಎಂಬ ಯಜಮಾನರ ಆಸೆಗೆ ಕನ್ನಡದಲ್ಲೊಂದು ವರದಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಕಾರ್ಮಿಕರು ನನ್ನನ್ನು ‘ವರದಿ ಸಾರ್’ ಎಂದು ಕರೆಯುತ್ತಾರೆ. ನನ್ನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಈ ವರ್ಷ ಲಾಭ ಬಂತು. ಅದರ ಜೊತೆಗೆ ಒಂದು ಹೊಸ ಅಧ್ಯಾಯವೂ ಬಂತು. ಹೊರದೇಶದ ಗಿರಾಕಿಯೊಬ್ಬರು ನಮ್ಮ ವಾಲ್ವುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲು ಒಪ್ಪಿ, ‘ನೀವು ಎಷ್ಟು ಗಳಿಸಿದಿರಿ ಎಂಬುದಷ್ಟೇ ಸಾಲದು, ಗಳಿಸುವಾಗ ಭೂಮಿಗೆ ಎಷ್ಟು ಕಡಿಮೆ ತೊಂದರೆ ಕೊಟ್ಟಿರಿ, ಅದನ್ನೂ ತೋರಿಸಿ’ ಎಂದಿದ್ದರು. ಅದಕ್ಕೆ ಸುಸ್ಥಿರತೆ ಎಂದು ಹೆಸರು. ಅದನ್ನು ಹೇಳಿಕೊಡಲು ಬೆಂಗಳೂರಿನ ಸಲಹಾ ಸಂಸ್ಥೆಯಿಂದ ಶ್ರೇಯಾ ಎಂಬ ಹುಡುಗಿ ಬಂದಳು. ಬಹಳ ಚುರುಕು, ಬಹಳ ಮರ್ಯಾದಸ್ತೆ, ಕೈಯಲ್ಲೊಂದು ಲ್ಯಾಪ್‌ಟಾಪು, ಅದರೊಳಗೆ ಒಂದು ಉದ್ದನೆಯ ಕೋಷ್ಟಕ. ನೀರು, ಕರೆಂಟು, ಹೊಗೆ, ಕಸ, ಹೀಗೆ ಒಂದೊಂದಕ್ಕೂ ಒಂದು ಸಾಲು. ಹೋದ ವರ್ಷ ಎಷ್ಟು ಪೋಲಾಯಿತು, ಈ ವರ್ಷ ಎಷ್ಟು ಎಂದು ತುಂಬಿದರೆ, ಪಕ್ಕದಲ್ಲಿ ಇಳಿಕೆ ಶೇಕಡ ಎಷ್ಟು ಎಂದು ತಾನೇ ಲೆಕ್ಕ ಹಾಕಿ ಹಸಿರು ಬಣ್ಣಕ್ಕೆ ತಿರುಗುತ್ತಿತ್ತು.

ಕರೆಂಟಿನ ಸಾಲು ಸಲೀಸಾಗಿ ಹಸಿರಾಯಿತು. ಅದರ ಕೀರ್ತಿ ಲೇತ್ ಮಷೀನಿನ ಕೆಂಪರಾಜುವಿಗೆ ಸಲ್ಲಬೇಕು. ಕೆಂಪರಾಜು ತಿಪ್ಪಸಂದ್ರದ ಕಡೆಯವನು. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ. ಕರೆಂಟು ಬಂದಾಗ ಮೋಟರು ತಾನೇ ಓಡುತ್ತದೆ, ಹೋದಾಗ ತಾನೇ ನಿಲ್ಲುತ್ತದೆ. ಸ್ವಿಚ್ ಮುಟ್ಟುವ ಅಭ್ಯಾಸವೇ ಯಾರಿಗೂ ಇಲ್ಲ. ಆ ಧರ್ಮವನ್ನೇ ಕೆಂಪರಾಜು ಕಾರ್ಖಾನೆಗೂ ತಂದಿದ್ದ. ಮಷೀನು, ಫ್ಯಾನು, ದೀಪ ಎಲ್ಲ ಓಡುತ್ತಿರುವಂತೆಯೇ ಊಟಕ್ಕೆ ಹೋಗುತ್ತಿದ್ದ. ಕೇಳಿದರೆ, ‘ಆರ್ಸೋದು ನಮ್ಮ ಕೆಲ್ಸ ಅಲ್ಲ ಕಣ್ ಸಾ, ಅದು ಕರೆಂಟ್‌ನೋರ್ ಕೆಲ್ಸ. ಟೈಮಾದ್ರೆ ಅವ್ರೇ ತೆಗಿತಾರೆ’ ಎನ್ನುತ್ತಿದ್ದ. ಅವನನ್ನು ಹಿಡಿದು ಕೂರಿಸಿ, ಇಲ್ಲಿ ಯಾರೂ ತೆಗೆಯುವುದಿಲ್ಲ, ನೀನೇ ತೆಗೆಯಬೇಕು ಎಂದು ಒಪ್ಪಿಸಿದ ಮೇಲೆ ಆ ವಿಭಾಗದ ಬಿಲ್ಲು ಗಣನೀಯವಾಗಿ ಇಳಿಯಿತು. ಇಳಿಸಿದ್ದಕ್ಕಾಗಿ ಅವನಿಗೆ ಒಂದು ಪ್ರಶಸ್ತಿಪತ್ರವೂ ಒಂದು ಸ್ಟೀಲ್ ಡಬ್ಬಿಯೂ ಸಿಕ್ಕವು. ಮೊದಲಿನಿಂದಲೂ ಸ್ವಿಚ್ ಆರಿಸಿ ಹೋಗುತ್ತಿದ್ದವರು ಚಪ್ಪಾಳೆ ತಟ್ಟಿದರು. ಅವರಿಗೆ ಡಬ್ಬಿ ಕೊಡಲು ಕೋಷ್ಟಕದಲ್ಲಿ ಜಾಗವಿರಲಿಲ್ಲ.

ಇಷ್ಟಕ್ಕೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ. ಕ್ಯಾಂಟೀನಿನ ಸಾಲಿಗೆ ಬಂದೆ.

ನಮ್ಮ ಕ್ಯಾಂಟೀನು ನಡೆಸುವವರು ಗುಡೇಮಾರನಹಳ್ಳಿಯ ಪುಟ್ಟಲಕ್ಷ್ಮಮ್ಮ. ಅವರೂ ಅವರ ಇಬ್ಬರು ನಾದಿನಿಯರೂ ಸೇರಿ ಹನ್ನೊಂದು ವರ್ಷದಿಂದ ಕಾರ್ಖಾನೆಗೆ ಮಧ್ಯಾಹ್ನದ ಊಟ ಹಾಕುತ್ತಿದ್ದಾರೆ. ಊಟ ಎಂದರೆ ಮುದ್ದೆ, ಸಾರು, ಒಸಿ ಅನ್ನ, ಮಜ್ಜಿಗೆ. ಮುದ್ದೆಯನ್ನು ಅವರು ಹಿಟ್ಟು ಎಂದೇ ಕರೆಯುತ್ತಾರೆ. ಹಿಟ್ಟು ಆರಿದರೆ ಯಾರೂ ಮುಟ್ಟುವುದಿಲ್ಲ, ಕಡಿಮೆಯಾದರೆ ಯಾರೂ ಕ್ಷಮಿಸುವುದಿಲ್ಲ. ಆದ್ದರಿಂದ ಪುಟ್ಟಲಕ್ಷ್ಮಮ್ಮ ಎಣಿಸದೆ ಎಸರಿಗೆ ಹಿಟ್ಟು ಹಾಕುವುದಿಲ್ಲ. ಬೆಳಿಗ್ಗೆ ಹಾಜರಿಯ ಯಂತ್ರದ ಪಕ್ಕದಲ್ಲಿ ಒಂದು ಡಬ್ಬ ಹಿಡಿದು ನಿಂತಿರುತ್ತಾರೆ. ಒಳಗೆ ಬರುವ ಪ್ರತಿಯೊಬ್ಬನೂ ಯಂತ್ರಕ್ಕೆ ಮುಖ ತೋರಿಸಿ, ಇವರಿಗೆ ಬಾಯಿ ಬಿಟ್ಟು ‘ಎರಡು’, ‘ಒಂದೂವರೆ’ ಎಂದು ಹೇಳಿ ಮುಂದೆ ಹೋಗಬೇಕು. ಒಂದು ಮುದ್ದೆಗೆ ಒಂದು ಹುಣಸೆ ಬೀಜ ಡಬ್ಬಕ್ಕೆ ಬೀಳುತ್ತದೆ; ಅರ್ಧಕ್ಕೆ ಒಡೆದ ಬೀಜ. ‘ಯಾಕ್ಲಾ ಇವತ್ತು ಒಂದೇ? ಮನೇಲಿ ಜಗಳ ಆಡ್ಕಂಡ್ ಬಂದ್ಯಾ?’ ಎಂಬ ವಿಚಾರಣೆಯೂ ಅಲ್ಲೇ ಆಗುತ್ತದೆ. ಹಾಜರಿ ಯಂತ್ರ ಕೆಟ್ಟು ನಿಂತ ದಿನ ಎಷ್ಟು ಜನ ಬಂದಿದ್ದಾರೆಂದು ನಾವು ಆ ಡಬ್ಬ ನೋಡಿಯೇ ಅಂದಾಜು ಮಾಡಿದ್ದುಂಟು. ಹೇಳಿದಷ್ಟು ಕಟ್ಟುತ್ತಾರೆ, ಕಟ್ಟಿದಷ್ಟನ್ನು ಹೇಳಿದವನು ತಿನ್ನಬೇಕು. ಪಾತ್ರೆಯ ತಳಕ್ಕೆ ಅಂಟಿದ ಸೀಕಿಗೆ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯವರು ಸರದಿ ಹಚ್ಚಿಕೊಂಡಿದ್ದಾರೆ. ಪಾತ್ರೆ ತೊಳೆದ ಮುಸುರೆ ಸಂಜೆ ಹಾಲಿನ ವ್ಯಾನಿನಲ್ಲಿ ಪುಟ್ಟಲಕ್ಷ್ಮಮ್ಮನವರ ಹಸುವಿಗೆ ಹೋಗುತ್ತದೆ.

ಹೀಗಾಗಿ ಆಹಾರ ತ್ಯಾಜ್ಯ ಎಂಬ ಸಾಲಿನಲ್ಲಿ ನಾನು ಹೋದ ವರ್ಷ ಸೊನ್ನೆ, ಈ ವರ್ಷ ಸೊನ್ನೆ ಎಂದು ತುಂಬಿದೆ. ಕೋಷ್ಟಕ ಕೆಂಪಗಾಯಿತು. ಎರಡು ಸಲ ಅಳಿಸಿ ತುಂಬಿದೆ. ಮತ್ತೂ ಕೆಂಪು.

ಶ್ರೇಯಾಗೆ ಫೋನ್ ಮಾಡಿದೆ. ‘ಸರ್, ಝೀರೋ ಹಾಕಿದ್ರೆ ಡೇಟಾ ಕಲೆಕ್ಟ್ ಮಾಡಿಲ್ಲ ಅಂತ ಸಿಸ್ಟಂ ತಗೊಳ್ಳುತ್ತೆ’ ಎಂದಳು.

‘ಕಲೆಕ್ಟ್ ಮಾಡಿದ್ದೀವಮ್ಮ. ಕಲೆಕ್ಟ್ ಮಾಡೋಕೆ ಏನೂ ಸಿಕ್ಕಲಿಲ್ಲ.’

‘ಅರ್ಥ ಆಗುತ್ತೆ ಸರ್. ಆದ್ರೆ ಯಾವ ಕ್ಯಾಂಟೀನೂ ಝೀರೋ ಇರಲ್ಲ. ಕಸ್ಟಮರ್ ನಂಬಲ್ಲ. ಅಲ್ದೆ ಹೋದ ವರ್ಷ ಝೀರೋ ಇದ್ರೆ ಪ್ರೋಗ್ರೆಸ್ ಹೇಗೆ ತೋರಿಸ್ತೀರಿ? ಸರಿಯಾಗಿ ಒಂದ್ಸಲ ತೂಕ ಮಾಡಿ ನೋಡಿ ಸರ್, ಏನಾದ್ರೂ ಇದ್ದೇ ಇರುತ್ತೆ.’

ಹುಡುಗಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತೂಕ ಮಾಡಿ ನೋಡಿ ಎಂದಳೇ ಹೊರತು ಸುಳ್ಳು ಬರೆಯಿರಿ ಎನ್ನಲಿಲ್ಲ. ಆದರೆ ಕ್ಯಾಂಟೀನಿಗೆ ಹೋಗಬೇಕೆಂದರೆ ಬಿಸಿಲಿನಲ್ಲಿ ಇಡೀ ಅಂಗಳ ದಾಟಬೇಕು, ತಕ್ಕಡಿ ಹುಡುಕಬೇಕು, ಎಂಜಲು ತಟ್ಟೆಗಳ ಮುಂದೆ ನಿಲ್ಲಬೇಕು. ನನ್ನ ಕೋಣೆಯಲ್ಲಿ ಏಸಿ ಇದೆ. ಜಗತ್ತಿನಲ್ಲಿ ಸುಳ್ಳು ಹೇಳುವವರೆಲ್ಲ ದುಷ್ಟರು ಎಂದು ಚಿಕ್ಕಂದಿನಲ್ಲಿ ನಮಗೆ ಕಲಿಸಿದರು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಜನ ಕುರ್ಚಿಯಿಂದ ಏಳಲು ಬೇಸರವಾಗಿ ಸುಳ್ಳು ಹೇಳುತ್ತಾರೆ. ನಾನೂ ಏಳಲಿಲ್ಲ. ಚನ್ನಪಟ್ಟಣದಲ್ಲಿ ನನ್ನ ದೊಡ್ಡಪ್ಪನ ಮೊಮ್ಮಗಳ ಮದುವೆಯ ಬೀಗರ ಊಟ ಆಗ ತಾನೇ ಮುಗಿದಿತ್ತು. ಅಲ್ಲಿ ಬಾಡು ಖಾಲಿಯಾಗಿ ಎಲೆಗಳ ಮೇಲೆ ಬರೀ ಅನ್ನ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಷ್ಟು ಜನಕ್ಕೆ ಅಷ್ಟು ಉಳಿದರೆ ನಮ್ಮ ಜನಕ್ಕೆ ಎಷ್ಟು ಎಂದು ಮನಸ್ಸಿನಲ್ಲೇ ತ್ರೈರಾಶಿ ಹಾಕಿದೆ. ಹೋದ ವರ್ಷ ದಿನಕ್ಕೆ ಹದಿನೆಂಟು ಕಿಲೋ, ಈ ವರ್ಷ ಆರು ಕಿಲೋ. ಕೋಷ್ಟಕ ಹಸಿರಾಯಿತು. ಇಳಿಕೆ ಎದ್ದು ಕಾಣುವಂತೆ ಬಂತು. ಕನ್ನಡದ ವರದಿಯಲ್ಲಿ ‘ಭೋಜನಾಲಯದಲ್ಲಿ ದಿನಕ್ಕೆ ಹದಿನೆಂಟು ಕಿಲೋದಷ್ಟು ಪೋಲಾಗುತ್ತಿದ್ದ ಅಪಾರ ಆಹಾರವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿದ ಹೆಮ್ಮೆ ನಮ್ಮದು’ ಎಂದು ಬರೆದೆ. ಓದಿಕೊಂಡೆ. ನನಗೇ ಹೆಮ್ಮೆಯಾಯಿತು.

ಯಜಮಾನರಿಗೆ ಆಗಲಿಲ್ಲ. ಅವರು ಇಂಗ್ಲಿಷ್ ಶಾಲೆಯಲ್ಲಿ ಓದಿದವರು, ಕಾರು ತಾವೇ ಓಡಿಸುವವರು, ಆದರೆ ಬೆಳೆದದ್ದು ಅಜ್ಜಿಯ ಕೈಯಲ್ಲಿ. ವರದಿ ಓದಿ ನನ್ನನ್ನು ಕರೆಸಿದರು. ವಹಿವಾಟು, ನಿವ್ವಳ ಲಾಭ, ಷೇರುದಾರರಿಗೆ ಕೊಡುವ ಪಾಲು, ಇವು ಯಾವುದರ ಬಗ್ಗೆಯೂ ಒಂದು ಮಾತಿಲ್ಲ. ‘ದಿನಾ ಹದಿನೆಂಟು ಕೆಜಿ ಊಟ ಚರಂಡಿಗೆ ಹೋಗ್ತಿತ್ತಾ? ನನ್ನ ಫ್ಯಾಕ್ಟರೀಲಿ?’ ಎಂದರು. ಈಗ ಆರಕ್ಕೆ ಇಳಿದಿದೆ ಸಾರ್ ಎಂದೆ. ‘ಆರು ಕಡಿಮೇನಾ? ತಟ್ಟೇಲಿ ಒಂದು ಅಗುಳು ಬಿಟ್ರೆ ನಮ್ಮಜ್ಜಿ ಆ ದಿನ ನನ್ನ ಜೊತೆ ಮಾತಾಡ್ತಿರಲಿಲ್ಲ. ಹನ್ನೊಂದು ವರ್ಷ ಆ ಹೆಂಗಸನ್ನ ನಂಬಿಕೊಂಡು ಕೂತಿದ್ದೀನಲ್ಲ’ ಎಂದು ನಿಜವಾಗಿಯೂ ನೊಂದುಕೊಂಡರು. ಬೆಂಗಳೂರಿನ ಒಂದು ಊಟದ ಕಂಪನಿ ಇದೆಯಂತೆ. ತಟ್ಟೆಯಲ್ಲಿ ಏನು ಉಳಿಯಿತೆಂದು ಕ್ಯಾಮೆರಾ ಫೋಟೋ ತೆಗೆದು ಫೋನಿಗೆ ಕಳಿಸುತ್ತದಂತೆ. ಬರುವ ಒಂದನೇ ತಾರೀಖಿನಿಂದ ಅವರಿಗೇ ಕ್ಯಾಂಟೀನು ಎಂದರು. ‘ಪುಟ್ಟಲಕ್ಷ್ಮಮ್ಮಂಗೆ ಹೇಳಿಬಿಡಿ’ ಎಂದು ನನಗೇ ಹೇಳಿದರು.

ಆಗಲೇ ಹೇಳಿಬಿಡಬಹುದಿತ್ತು. ಸಾರ್, ಅದು ನಾನು ಅಂದಾಜಿನಲ್ಲಿ ಬರೆದದ್ದು ಎಂಬ ಒಂದು ವಾಕ್ಯ. ವರ್ಷಕ್ಕೆ ಅರವತ್ತು ಪುಟ ಬರೆಯುವವನಿಗೆ ಆ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ‘ಆಗಲಿ ಸಾರ್’ ಎಂದು ಬಂದುಬಿಟ್ಟೆ. ಮನೆಗೆ ಹೋಗಿ ನನ್ನ ಹೆಂಡತಿ ವಿಮಲಾಗೆ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನನ್ನ ಸಂಕಟವನ್ನೆಲ್ಲ ಕೇಳಿ, ‘ಬೀಗರ ಊಟದ ಲೆಕ್ಕಾನ ಕ್ಯಾಂಟೀನಿಗೆ ಹಾಕಿದ್ರಾ? ನನ್ನ ಎಂಟನೇ ಕ್ಲಾಸಿನ ಹುಡುಗರು ಹೀಗೆ ಮಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ’ ಎಂದಳು. ಈಗೇನು ಮಾಡಲಿ ಎಂದು ಕೇಳಿದೆ. ‘ಹೋಗಿ ಸುಳ್ಳು ಅಂತ ಹೇಳಿ. ಇನ್ನೇನು?’ ಎಂದು ಪೇಪರು ತಿದ್ದತೊಡಗಿದಳು. ಗಣಿತದವರ ಜೊತೆ ಸಂಸಾರ ಮಾಡುವ ಕಷ್ಟ ಇದು. ಉತ್ತರ ಒಂದೇ ಇರುತ್ತದೆ, ಅದನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ. ನಾನು ಇನ್ನೂ ನಾಲ್ಕು ದಿನ, ನಾಳೆ ಹೇಳಿದರಾಯಿತು ಎಂದುಕೊಂಡೇ ಕಳೆದೆ. ಪುಟ್ಟಲಕ್ಷ್ಮಮ್ಮನವರಿಗೂ ಹೇಳಲಿಲ್ಲ, ಯಜಮಾನರಿಗೂ ಹೇಳಲಿಲ್ಲ. ತಿಂಗಳು ಮುಗಿಯಲು ಒಂದು ವಾರ ಉಳಿದಿತ್ತು.

ಆದರೆ ನೋಟಿಸ್ ಬೋರ್ಡು ಸುಮ್ಮನಿರುವುದಿಲ್ಲವಲ್ಲ. ಪ್ರಶಸ್ತಿ ಬಂದ ಮೇಲೆ ಕೆಂಪರಾಜುವಿಗೆ ವರದಿ ಓದುವ ಚಟ ಹತ್ತಿತ್ತು. ತನ್ನ ಹೆಸರಿದ್ದ ಪುಟವನ್ನು ಮುಗಿಸಿ ಮುಂದಿನ ಪುಟವನ್ನೂ ಓದಿ, ಹೋಗಿ ಕ್ಯಾಂಟೀನಿನಲ್ಲಿ ಹೇಳಿದ್ದಾನೆ. ಕಾರಿನಲ್ಲಿ ಯಜಮಾನರ ಪಕ್ಕದ ಸೀಟಿನಲ್ಲಿ ಕೂತಿದ್ದವರಿಂದ ಯಾರಿಗೋ ಹೊಸ ಕಂಪನಿಯ ಸುದ್ದಿಯೂ ಗೊತ್ತಾಗಿ ಅದೂ ಅಲ್ಲಿಗೆ ತಲುಪಿದೆ. ಮಧ್ಯಾಹ್ನ ಮೂರು ಗಂಟೆಗೆ ಪುಟ್ಟಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತ ನನ್ನ ಕೋಣೆಗೆ ಬಂದರು. ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

‘ಕೂತ್ಕಳಿ ಸಾ’ ಎಂದರು ಅವರೇ. ‘ನಾನು ದಿನಾ ಹದಿನೆಂಟು ಕಿಲೋ ಇಟ್ಟು ಬಿಸಾಕ್ತಿದ್ದೆ ಅಂತ ಬೋರ್ಡ್‌ಗೆ ಆಕವ್ರಂತೆ. ಕೆಂಪ್ರಾಜ ಓದ್ದ. ನೀವು ಬರಿಯೋರು, ಲೆಕ್ಕ ಕೊಡೋರು ಬ್ಯಾರೆ ಅಂತ ನಂಗ್ಗೊತ್ತು. ಆ ಬೆಂಗ್ಳೂರ್ ಉಡ್ಗೀನೇ ಕೊಟ್ಟಿರ್ಬೇಕು. ಒಂದಿನಾನೂ ಬಂದು ನನ್ನ ಒಲೆ ಮುಂದೆ ನಿಂತೋಳಲ್ಲ ಅವ್ಳು.’

ನಾನೂ ನಿಂತವನಲ್ಲ. ಅದನ್ನು ಹೇಳಲು ಬಾಯಿ ತೆರೆದೆ. ‘ಅದೂ...’ ಎಂದೆ.

‘ನೀವೇನೂ ಯೋಳ್ಬ್ಯಾಡಿ. ನಂಗೊಂದು ಅರ್ಜಿ ಬರ್ಕೊಡಿ. ಯಜಮಾನ್ರಿಗೆ. ಇದ್ ಸುಳ್ಳು, ಬರ್ದೋರು ಯಾರೋ ಅವ್ರನ್ನ ಕರ್ಸಿ ಕೇಳಿ ಅಂತ. ನಿಮ್ಮಂಗೆ ಬರಿಯೋರು ಇಲ್ಲಿ ಬ್ಯಾರೆ ಯಾರೈದಾರೆ?’

ನನ್ನ ಮೇಲೆಯೇ ಅರ್ಜಿ ಬರೆಯಲು ನನಗೇ ಹೇಳಿದ್ದರು. ಯಾವ ಮರ್ಯಾದಸ್ತನಾದರೂ ಅಲ್ಲಿಗೆ ತಪ್ಪೊಪ್ಪಿಕೊಳ್ಳುತ್ತಿದ್ದ. ನಾನು ಪೆನ್ನಿನ ಮುಚ್ಚಳ ತೆಗೆದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬರವಣಿಗೆಯ ಚಟ ಎಂಥದ್ದೆಂದು ಆ ದಿನ ನನಗೆ ತಿಳಿಯಿತು. ಎರಡನೆಯ ಸಾಲಿನ ಹೊತ್ತಿಗೆ ಅದು ಯಾರ ವಿರುದ್ಧ ಎನ್ನುವುದೇ ಮರೆತು, ಪದಗಳನ್ನು ಹುಡುಕಿ ಹುಡುಕಿ ಹಾಕತೊಡಗಿದೆ. ‘ಅಡುಗೆಮನೆಯ ಹೊಸ್ತಿಲನ್ನೂ ತುಳಿಯದೆ, ತಂಪು ಕೋಣೆಯ ಕುರ್ಚಿಯಲ್ಲಿ ಕುಳಿತು ಅಂಕಿಗಳನ್ನು ಹೊಸೆದ ಯಾರೋ ಹೊಣೆಗೇಡಿ ವ್ಯಕ್ತಿ’ ಎಂದು ಬರೆದು ಓದಿ ಹೇಳಿದೆ. ಪುಟ್ಟಲಕ್ಷ್ಮಮ್ಮ ತಲೆದೂಗಿದರು. ‘ಅವ್ರ ಕೈ ಸೇದೋಗ ಅಂತಾನೂ ಬರೀರಿ’ ಎಂದರು. ಅದನ್ನು ಅರ್ಜಿಯಲ್ಲಿ ಬರೆಯುವ ಪದ್ಧತಿ ಇಲ್ಲ ಎಂದೆ. ‘ಪದ್ಧತಿ ಇಲ್ದಿದ್ರೆ ಬುಡಿ. ಮನಸ್ನಾಗೆ ಇರ್ಲಿ’ ಎಂದು ಒಪ್ಪಿಕೊಂಡರು. ನನ್ನ ಬಲಗೈ ಅಷ್ಟು ಹೊತ್ತು ಬರೆದದ್ದಕ್ಕೋ ಏನೋ ಜೋಮು ಹಿಡಿದಂತಾಯಿತು.

ಕೊನೆಗೆ ಅವರು ಸಹಿ ಹಾಕಿ ಪೆನ್ನು ವಾಪಸು ಕೊಟ್ಟರು. ‘ಕೆಲ್ಸ ಓದ್ರೆ ಓಗ್ಲಿ ಸಾ. ನಮ್ಮೂರಾಗೆ ರಾಗಿ ಕಳೆ ಕೀಳಾಕೆ ಓದ್ರೂ ಹೊಟ್ಟೆ ತುಂಬ್ತದೆ. ನಾದ್ನೀರಿಗೂ ಅದೇ ಯೋಳಿವ್ನಿ. ಆದ್ರೆ ಅನ್ನ ಬಿಸಾಕ್ದೋಳು ಅನ್ನಿಸ್ಕಂಡು ಊರಿಗೆ ಎಂಗ್ ಓಗ್ಲಿ? ನನ್ ಮಗ್ಳು ಕನಕಪುರ್ದಾಗೆ ನರ್ಸಿಂಗ್ ಓದ್ತಾವ್ಳೆ. ನಾಳೆ ಬೀಗ್ರು ಮನೆಗ್ ಬಂದ್ರೆ, ಇವ್ಳ ತಾಯಿ ಕಾರ್ಖಾನೇಲಿ ಇಟ್ಟು ಚೆಲ್ಲಿ ಕೆಲ್ಸ ಕಳ್ಕಂಡೋಳು ಅನ್ನಲ್ವಾ’ ಎಂದರು. ಧ್ವನಿ ಏರಿಸಲಿಲ್ಲ, ಅಳಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ವರದಿಗಳಲ್ಲಿ ನಾನು ಎಷ್ಟೋ ವಿಷಯಗಳಿಗೆ ವಿಷಾದ ವ್ಯಕ್ತಪಡಿಸಿದ್ದೇನೆ. ವಿಷಾದ ಎಂದರೇನೆಂದು ಗೊತ್ತಾದದ್ದು ಆಗಲೇ.

‘ಬನ್ನಿ ಸಾ, ನೀವೇ ಓದಿ ಯೋಳಿ’ ಎಂದು ಎದ್ದರು. ಹೋದೆವು. ಯಜಮಾನರು ಪುಟ್ಟಲಕ್ಷ್ಮಮ್ಮನನ್ನು ಕೂರಿಸಿದರು. ನಾನು ನಿಂತುಕೊಂಡು ಅರ್ಜಿ ಓದಿದೆ. ಓದುವುದನ್ನೂ ಚೆನ್ನಾಗಿಯೇ ಓದಿದೆ ಎಂದು ಹೇಳಿಕೊಳ್ಳಬೇಕು. ಮುಗಿದ ಮೇಲೆ ಯಜಮಾನರು ಹಣೆ ಉಜ್ಜಿಕೊಂಡರು. ‘ಹಾಗಾದ್ರೆ ನಂಬರ್ ಕೊಟ್ಟೋರು ಆ ಶ್ರೇಯಾನಾ? ಅವರ ಆಫೀಸಿಗೇ ಮಾತಾಡ್ತೀನಿ. ಇಂಥೋರ್ನ ಕೆಲ್ಸಕ್ಕೆ ಇಟ್ಕೋಬಾರ್ದು’ ಎಂದು ಫೋನು ಕೈಗೆ ತೆಗೆದುಕೊಂಡರು. ಆ ಹುಡುಗಿ ತೂಕ ಮಾಡಿ ನೋಡಿ ಎಂದಿದ್ದಳಷ್ಟೆ. ಇನ್ನೂ ಒಬ್ಬಳ ಅನ್ನಕ್ಕೆ ಕೈ ಹಾಕುವಷ್ಟು ಧೈರ್ಯ ನನ್ನಂಥ ಹೇಡಿಗೂ ಇರಲಿಲ್ಲ.

‘ಸಾರ್, ಅದು ನಾನು’ ಎಂದೆ.

‘ಏನು ನೀವು?’

‘ಹೊಣೆಗೇಡಿ ವ್ಯಕ್ತಿ.’

ಯಜಮಾನರು ಫೋನು ಕೆಳಗಿಟ್ಟರು. ಎಲ್ಲವನ್ನೂ ಹೇಳಿದೆ. ಸೊನ್ನೆ, ಕೆಂಪು ಬಣ್ಣ, ಬಿಸಿಲು, ಏಸಿ, ಚನ್ನಪಟ್ಟಣ. ಬೀಗರ ಊಟದ ಹತ್ತಿರ ಬಂದಾಗ ಅವರು ನಡುವೆ ಬಾಯಿ ಹಾಕಿ, ‘ಅಂದ್ರೆ ಆ ಹದಿನೆಂಟು ಕೆಜಿ ನಿಮ್ಮ ನೆಂಟರದ್ದು’ ಎಂದರು. ಹೌದು ಎಂದೆ. ‘ನಮ್ಮಲ್ಲಿ ಎಷ್ಟು?’ ಎಂದರು. ಏನೂ ಇಲ್ಲ ಎಂದೆ. ಅವರು ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿ ಕೈ ಮುಗಿದರು. ‘ತಪ್ಪಾಯ್ತು ಕಣಮ್ಮ. ಓದಿದ್ದನ್ನ ನಂಬಿಬಿಟ್ಟೆ. ಕ್ಯಾಂಟೀನು ನಿಮ್ಮದೇ. ಎಲ್ಲೂ ಹೋಗಬೇಡಿ’ ಎಂದರು. ಬೆಂಗಳೂರಿನ ಕಂಪನಿಗೆ ಬೇಡ ಎಂದು ಹೇಳುವ ಕೆಲಸವನ್ನು ನನಗೆ ವಹಿಸಿದರು. ಈ ಸಲ ಅದನ್ನು ಆ ಕ್ಷಣವೇ ಮಾಡಿದೆ.

ಪುಟ್ಟಲಕ್ಷ್ಮಮ್ಮ ಹೊರಗೆ ಬರುವವರೆಗೆ ನನ್ನ ಮುಖ ನೋಡಲಿಲ್ಲ. ಮೆಟ್ಟಿಲ ಹತ್ತಿರ ನಿಂತರು. ಬಯ್ಯುತ್ತಾರೆ ಎಂದು ನಾನು ತಲೆ ತಗ್ಗಿಸಿ ಸಿದ್ಧನಾದೆ. ‘ಅರ್ಜಿ ಚೆಂದಾಗ್ ಬರ್ದಿದ್ರಿ ಸಾ’ ಎಂದರು. ‘ನಿಮ್ ಬಗ್ಗೆ ಇಷ್ಟ್ ಸರ್ಯಾಗಿ ಬ್ಯಾರೆ ಯಾರೂ ಬರೀತಿರ್ಲಿಲ್ಲ.’ ಅಷ್ಟು ಹೇಳಿ ನಾಳೆಯ ಸಾರಿಗೆ ಹುಣಸೆ ನೆನೆಹಾಕಬೇಕೆಂದು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ತಪ್ಪಿಗೆ ಪರಿಹಾರ ಕ್ರಮ ಎಂಬ ಒಂದು ನಮೂನೆ ಇದೆ, ಅದನ್ನು ತುಂಬಿಸಿದರು. ದೋಷದ ಮೂಲ ಕಾರಣ ಎಂಬಲ್ಲಿ ನನ್ನ ಹುದ್ದೆ ಬರೆದುಕೊಂಡೆ. ಕ್ರಮ: ಒಂದು ತಿಂಗಳು ಪ್ರತಿದಿನ ಊಟದ ಹೊತ್ತಿನಲ್ಲಿ ನಾನು ತಟ್ಟೆ ತೊಳೆಯುವ ಜಾಗದಲ್ಲಿ ತಕ್ಕಡಿ ಇಟ್ಟುಕೊಂಡು ನಿಂತು, ಉಳಿದದ್ದನ್ನು ತೂಗಿ ಬರೆಯಬೇಕು. ನಿಂತೆ. ಕಾರ್ಮಿಕರು ಒಬ್ಬೊಬ್ಬರಾಗಿ ಬಂದು, ತಟ್ಟೆಯನ್ನು ನನ್ನ ಕಣ್ಣ ಮುಂದೆ ತಿರುಗಿಸಿ ತೋರಿಸಿ, ‘ನೋಡ್ಕಳಿ ಸಾ, ಕನ್ನಡಿ ಇದ್ದಂಗೈತೆ’ ಎಂದು ಮುಂದೆ ಹೋದರು. ನುಗ್ಗೆಕಾಯಿಯ ಸಿಪ್ಪೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಶ್ರೇಯಾಳನ್ನು ಕೇಳಿದೆ. ತಿನ್ನಲಾಗದ ಭಾಗ ಬೇಡ ಎಂದಳು. ಮೊದಲ ದಿನ ಸೊನ್ನೆ. ಎರಡನೆಯ ದಿನ ಸೊನ್ನೆ. ಮೂರನೆಯ ದಿನವೂ ಹಾಗೇ.

ನಾಲ್ಕನೆಯ ದಿನ ನನಗೆ ಒಂದು ಸದ್ಬುದ್ಧಿ ಬಂತು. ಇಷ್ಟು ವರ್ಷ ನಾನು ಮನೆಯಿಂದ ಡಬ್ಬಿ ತಂದು ನನ್ನ ಕೋಣೆಯಲ್ಲೇ ತಿನ್ನುತ್ತಿದ್ದವನು, ಅವರ ಕೈಯ ಮುದ್ದೆಯನ್ನು ಒಮ್ಮೆಯೂ ತಿಂದವನಲ್ಲ. ಮಾಡಿದ ತಪ್ಪಿಗೆ ಪಂಕ್ತಿಯಲ್ಲಿ ಕೂತು ಉಂಡು ಗೌರವ ಸಲ್ಲಿಸೋಣ ಎಂದುಕೊಂಡೆ. ಬೆಳಿಗ್ಗೆ ಗೇಟಿನಲ್ಲಿ ಪುಟ್ಟಲಕ್ಷ್ಮಮ್ಮ ‘ಎಷ್ಟು ಸಾ?’ ಎಂದು ಆಶ್ಚರ್ಯದಿಂದ ಕೇಳಿದರು. ಹಿಂದೆ ಫೌಂಡ್ರಿಯವರು ನಿಂತಿದ್ದರು. ‘ಎರಡು’ ಎಂದೆ. ಒಂದು ಎನ್ನಲು ಮರ್ಯಾದೆ ಅಡ್ಡ ಬಂತು. ಮಧ್ಯಾಹ್ನ ತಟ್ಟೆಗೆ ಎರಡು ಬಂದು ಕೂತವು. ಫೌಂಡ್ರಿಯಲ್ಲಿ ಕಬ್ಬಿಣ ಎತ್ತುವವರಿಗಾಗಿ ಕಟ್ಟುವ ಮುದ್ದೆ ಅದು. ಒಂದನ್ನು ತಿನ್ನುವ ಹೊತ್ತಿಗೆ ಬೆಲ್ಟು ಸಡಿಲಿಸಿದೆ. ಸೊಪ್ಪಿನ ಸಾರು ಬಹಳ ರುಚಿಯಾಗಿತ್ತು, ಆದ್ದರಿಂದ ಎರಡನೆಯದರಲ್ಲೂ ಅರ್ಧದವರೆಗೆ ಹೋದೆ. ಅಲ್ಲಿಗೆ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಕೆಂಪರಾಜು ‘ನಂಗ್ ಕೊಡಿ ಸಾ’ ಎಂದ. ಎಂಜಲು ಹೇಗೆ ಕೊಡಲಿ? ತಟ್ಟೆ ಹಿಡಿದು ತೊಳೆಯುವ ಜಾಗಕ್ಕೆ ಬಂದೆ. ಅಲ್ಲಿ ನನ್ನ ತಕ್ಕಡಿಯ ಹಿಂದೆ ಪುಟ್ಟಲಕ್ಷ್ಮಮ್ಮ ನಿಂತಿದ್ದರು. ನನ್ನ ತಟ್ಟೆಯಿಂದ ಅರ್ಧ ಮುದ್ದೆ ತೆಗೆದು ತಕ್ಕಡಿಯ ಮೇಲಿಟ್ಟರು.

‘ನೂರಾ ತೊಂಬತ್ತು ಗ್ರಾಂ. ಬರ್ಕಳಿ ಸಾ.’

ಬರೆದುಕೊಂಡೆ. ಸಂಜೆ ಶ್ರೇಯಾ ಫೋನು ಮಾಡಿದಳು. ಅವಳಿಗೆ ಬಹಳ ಸಂತೋಷವಾಗಿತ್ತು. ‘ಸರ್, ಕೊನೆಗೂ ಡೇಟಾ ಬಂತು. ಇದನ್ನೇ ಬೇಸ್‌ಲೈನ್ ಮಾಡ್ಕೊಳ್ಳೋಣ. ಮುಂದಿನ ವರ್ಷಕ್ಕೆ ಅರ್ಧ ಇಳಿಸ್ತೀವಿ ಅಂತ ಟಾರ್ಗೆಟ್ ಹಾಕ್ತೀನಿ. ಜವಾಬ್ದಾರಿ ಅನ್ನೋ ಕಾಲಂನಲ್ಲಿ ಯಾರ ಹೆಸರು ಹಾಕಲಿ ಸರ್?’ ಎಂದು ಕೇಳಿದಳು. ನನ್ನದೇ ಹಾಕಮ್ಮ ಎಂದೆ.

ಹೀಗೆ, ಹೊರದೇಶದ ಗಿರಾಕಿ ಓದುವ ವರದಿಯಲ್ಲಿ, ನಿವ್ವಳ ಲಾಭದಿಂದ ನಾಲ್ಕು ಪುಟ ಆಚೆಗೆ, ನಾನು ಒಂದು ವರ್ಷದೊಳಗೆ ಕಾಲು ಮುದ್ದೆ ಹೆಚ್ಚಾಗಿ ತಿನ್ನಬೇಕೆಂಬ ಸಂಕಲ್ಪ ನನ್ನ ಪೂರ್ಣ ಹೆಸರಿನೊಂದಿಗೆ ಅಚ್ಚಾಗಿದೆ. ಗೇಟಿನಲ್ಲಿ ‘ಒಂದು’ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ‘ಒಂದಾದ್ರೆ ನೀವು ಪೂರ್ತಿ ತಿಂದ್ಬುಡ್ತೀರಿ. ಆಮ್ಯಾಕೆ ಮತ್ತೆ ಸೊನ್ನೆ ಅಂತ ಆ ಉಡ್ಗಿ ನಿಮ್ಗೆ ಫೋನ್ ಮಾಡ್ತಾಳೆ. ಎರಡೇ ಇರ್ಲಿ ಸಾ, ಮಿಕ್ಕಿದ್ದು ನಮ್ ಅಸುವಿಗೆ ಆಯ್ತದೆ’ ಎಂದು ಪುಟ್ಟಲಕ್ಷ್ಮಮ್ಮ ಒಪ್ಪಲಿಲ್ಲ. ಇಷ್ಟು ದೊಡ್ಡ ಕಾರ್ಖಾನೆಯಲ್ಲಿ ಇಳಿಸಬೇಕಾದ ಪೋಲು ಎಂದು ಆ ಸಾಲಿನಲ್ಲಿ ಉಳಿದಿರುವವನು ಈಗ ನಾನೊಬ್ಬನೇ. ಮೊನ್ನೆ ನೂರಾ ಅರವತ್ತು ಗ್ರಾಂಗೆ ಬಂದಿದ್ದೇನೆ. ಪ್ರಗತಿ ತೃಪ್ತಿಕರವಾಗಿದೆ ಎಂದು ಬರೆದಿದ್ದೇನೆ.